ಹೂಂ ಅನ್ನುವವರು ಬೇಕಾಗಿದ್ದಾರೆ

೧

ಈ ಕಥೆಯನ್ನು ಯಾವ ತುದಿಯಿಂದ ಹಿಡಿಯಬೇಕೋ ತಿಳಿಯದೆ ಬೆಳಗಿನಿಂದ ಕೂತಿದ್ದೇನೆ. ಕುರುಡುಮಲೆ ಗಣಪನ ಪಾದಕ್ಕೆ ಮನಸ್ಸಿನಲ್ಲೇ ಒಂದು ಗರಿಕೆ ಇಟ್ಟದ್ದಾಯಿತು. ಅಷ್ಟು ದೊಡ್ಡ ದೇವರು ಇಷ್ಟು ಚಿಕ್ಕ ಕಥೆಗೆ ಎದ್ದು ಬಂದಾನೆಂಬ ನಂಬಿಕೆಯಿಲ್ಲ. ಆದರೂ ಒಂದು ಮಾತು ಹೇಳಿಟ್ಟಿರುವುದು ಒಳ್ಳೆಯದು.

ಬಾಯಲ್ಲಿ ಕಥೆ ಹೇಳುವವರಿಗೆ ಈ ಕಷ್ಟವಿಲ್ಲ. ನಮ್ಮ ಕಡೆ ಅವರು ‘ಒಂದೂರು’ ಎನ್ನುತ್ತಾರೆ. ಎಂದವರು ಅಲ್ಲೇ ನಿಲ್ಲುತ್ತಾರೆ. ಎದುರಿಗೆ ಕೂತವರಲ್ಲಿ ಯಾರಾದರೂ ‘ಹೂಂ’ ಎನ್ನಬೇಕು. ಆಮೇಲೆ ‘ಆ ಊರಿಗೊಬ್ಬ ರಾಜ’. ಮತ್ತೆ ‘ಹೂಂ’. ತೆಲುಗು ಮನೆಮಾತಿನವರು ಇದನ್ನೇ ‘ಊ ಕೊಟ್ಟಡಂ’ ಎನ್ನುತ್ತಾರೆ. ಹೂಂ ಬಿದ್ದರೆ ರಾಜ ಕುದುರೆ ಹತ್ತುತ್ತಾನೆ, ಬೇಟೆಗೆ ಹೋಗುತ್ತಾನೆ, ದಾರಿ ತಪ್ಪುತ್ತಾನೆ. ಹೂಂ ಬೀಳದಿದ್ದರೆ ಪಾಪ, ಒಂದು ಕಾಲು ರಿಕಾಪಿನಲ್ಲಿಟ್ಟುಕೊಂಡು ಅಲ್ಲೇ ನಿಂತಿರುತ್ತಾನೆ.

ಕಾಗದದ ಮೇಲೆ ಬರೆಯುವವನಿಗೆ ಹೂಂ ಎನ್ನುವವರು ಯಾರು? ನೀವು ಎಲ್ಲೋ ಇದ್ದೀರಿ. ಬಸ್ಸಿನಲ್ಲೋ, ಕುಕ್ಕರಿನ ಕೂಗಿಗೆ ಕಾಯುತ್ತಲೋ. (ಈಗ ಒಂದು ಸಲ ಅಂದು ನೋಡಿ. ಪಕ್ಕದವರು ತಿರುಗಿದರೆ ಗಂಟಲು ಸರಿಮಾಡಿಕೊಂಡ ಹಾಗೆ ಮಾಡಿ. ನಾನು ಕಾಯುತ್ತೇನೆ.)

೨

ಮೊದಲನೆಯ ಕರಡುಪ್ರತಿಗೆ ‘ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಬೋಧನೆ ಹಾಗೂ ಮೌಲ್ಯಮಾಪನ: ಒಂದು ಅವಲೋಕನ’ ಎಂದು ತಲೆಬರಹ ಕೊಟ್ಟಿದ್ದೆ. ಮೂರನೆಯ ಸಾಲಿಗೆ ನನಗೇ ತೂಕಡಿಕೆ ಬಂತು. ಹರಿದೆ.

ಎರಡನೆಯದು ತಮಾಷೆಯ ಕರಡು. ಅದರಲ್ಲಿ ಮಕ್ಕಳೆಲ್ಲ ಊರಲ್ಲೇ ಇಲ್ಲದ ಹಾಸ್ಟೆಲಿನಿಂದ ತಂದೆಗೆ ಪತ್ರ ಬರೆಯುತ್ತಿದ್ದರು: ‘ಡಿಯರ್ ಫಾದರ್, ಐ ಆಮ್ ಫೈನ್ ಹಿಯರ್.’ ತಂದೆ ಅಲ್ಲೇ ಜಗಲಿಯ ಮೇಲೆ ಬೀಡಿ ಸೇದುತ್ತಿರುತ್ತಾನೆ. ಪದ್ಯದ ಒಂದೊಂದು ಸಾಲಿಗೂ ಮೇಷ್ಟರು ಕನ್ನಡದಲ್ಲಿ ಅರ್ಥ, ತೆಲುಗಿನಲ್ಲಿ ಭಾವಾರ್ಥ ಹೇಳಿ, ಇಂಗ್ಲಿಷಿನಲ್ಲಿ ‘ಅಂಡರ್‌ಸ್ಟುಡ್?’ ಎನ್ನುತ್ತಾರೆ. ಮಕ್ಕಳು ಮೂರೂ ಭಾಷೆಗೆ ಒಂದೇ ರಾಗದಲ್ಲಿ ‘ಯೆಸ್ಸಾ…ರ್’ ಎನ್ನುತ್ತಾರೆ. ಬರೆಯುತ್ತ ಬರೆಯುತ್ತ ನಾನೊಬ್ಬನೇ ನಗುತ್ತಿದ್ದೆ.

ಊಟವಾಗಿ ಕಣ್ಣು ಎಳೆಯುವ ಹೊತ್ತಿಗೆ ಕಥೆಯ ಟೀಚರು ಆಶಾರಾಣಿ ಬಂದಳು. ಕನಸಿಗೋ, ಕಥೆಗೋ ಗೊತ್ತಾಗಲಿಲ್ಲ. ಬೆರಳಲ್ಲಿ ಸುಣ್ಣದಬಳಪದ ಪುಡಿ, ಹೆಗಲಲ್ಲಿ ಟಿಫನ್ ಬ್ಯಾಗು, ಮುಡಿಯಲ್ಲಿ ಯಾರೋ ಹುಡುಗಿ ಕೊಟ್ಟ ಕನಕಾಂಬರ.

“ನಗೋದು ಸುಲಭ ಸಾರ್,” ಅಂದಳು. “ಆ ಪತ್ರ ಉರು ಹೊಡೆಸಿದೋಳು ನಾನೇ. ಅದಕ್ಕೆ ಮಾರ್ಕ್ಸ್ ಗ್ಯಾರಂಟಿ. ಕೆಲವು ಮಕ್ಕಳು ಪಾಸಾಗೋದೇ ಆ ಹಾಸ್ಟೆಲ್ಲಿಂದ.”

ನಾನು ಎದ್ದು ಎರಡನೆಯ ಕರಡನ್ನೂ ಹರಿದೆ.

೪

(ಮೂರು ಎಲ್ಲಿ ಎಂದು ಕೇಳಬೇಡಿ. ಪ್ರಶ್ನೆಪತ್ರಿಕೆಯಲ್ಲಿ ಒಂದು ಪ್ರಶ್ನೆಯನ್ನು ಚಾಯ್ಸಿಗೆ ಬಿಡುವುದು ಮಕ್ಕಳ ಹಕ್ಕು. ನನಗೂ ಇರಲಿ.)

ಆಶಾರಾಣಿ ಹೋಳೂರಿನ ಕಡೆಯವಳು. ಯಲ್ದೂರಿನಿಂದ ಒಳಗೆ, ಮಾವಿನ ತೋಪುಗಳು ಮುಗಿಯುವುದೇ ಇಲ್ಲವೇನೋ ಎನ್ನಿಸುವ ದಾರಿಯ ಕೊನೆಗೆ ಒಂದು ಸರ್ಕಾರಿ ಪ್ರೌಢಶಾಲೆ; ಅಲ್ಲಿ ಅವಳು ಇಂಗ್ಲಿಷ್ ಟೀಚರು. ಮಾಘಮಾಸದಲ್ಲಿ ಆ ದಾರಿ ದಾರಿಯಾಗಿರುವುದಿಲ್ಲ. ಎರಡೂ ಕಡೆ ಮರಗಳು ಹೂ ಬಿಟ್ಟು ಮಂಜಿನ ಹಾಗೆ ತೇಲುತ್ತಿರುತ್ತವೆ. ಬಸ್ಸಿನ ಕಿಟಕಿಯಿಂದ ಬರುವ ಆ ಸಿಹಿಯೊಗರು ವಾಸನೆಗೆ ಕಂಡಕ್ಟರೂ ಚಿಲ್ಲರೆ ಕೊಡುವುದನ್ನು ಮರೆಯುತ್ತಾನೆ. ಬಸ್ಸಿಳಿದು ಶಾಲೆಯ ಗೇಟು ಮುಟ್ಟುವವರೆಗೂ ಆಶಾರಾಣಿಗೆ ತಾನು ಎಚ್ಚರವಾಗಿದ್ದೇನೋ ಇಲ್ಲವೋ ಎಂಬ ಅನುಮಾನ.

ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ಅವಳು ಪುಸ್ತಕ ಮುಚ್ಚಿಸಿಬಿಡುತ್ತಿದ್ದಳು. “ಯಾರ ಮನೇಲಿ ಏನ್ ಕಥೆ ಹೇಳ್ತಾರೆ, ಅದನ್ನ ಬಂದಷ್ಟು ಇಂಗ್ಲಿಷಲ್ಲಿ ಹೇಳಿ. ಬರದೇ ಇರೋ ಜಾಗಕ್ಕೆ ಕನ್ನಡ ಹಾಕಿ. ಅದೂ ಬರದಿದ್ರೆ ಕೈ ಆಡ್ಸಿ.” ಹಾಗೆ ಹೇಳುವವರಲ್ಲಿ ಹತ್ತನೇ ತರಗತಿಯ ಧನಶ್ರೀಯನ್ನು ಮೀರಿಸುವವರಿರಲಿಲ್ಲ. ಪೆನ್ನು ಹಿಡಿದರೆ ಆ ಹುಡುಗಿಯ ಇಂಗ್ಲಿಷ್ ಮೊಲದ ಹಾಗೆ ಪೊದೆ ಸೇರಿಬಿಡುತ್ತಿತ್ತು. ಕಾಗುಣಿತವಿಲ್ಲ, ಅಕ್ಷರಗಳು ಒಂದರ ಮೇಲೊಂದು. ಬಾಯಿ ತೆರೆದರೆ ಅದೇ ಮೊಲ ಬಯಲಿಗೆ ಬಂದು ಕುಣಿಯುತ್ತಿತ್ತು. ಅವಳ ಅಜ್ಜಿ ಶಾಮಲಮ್ಮ ತೋಪು ಕಾಯುವಾಕೆ, ಕಥೆ ಹೇಳುವುದರಲ್ಲಿ ಸುತ್ತಲ ಹಳ್ಳಿಗೆಲ್ಲ ಹೆಸರಾದಾಕೆ. ತಾಯಿ ಆದಿಲಕ್ಷ್ಮಿ ಮಾಲೂರಿನ ಕಡೆಯ ಕಾರ್ಖಾನೆಯೊಂದಕ್ಕೆ ಕಂಪನಿ ಬಸ್ಸಿನಲ್ಲಿ ಹೋಗಿಬರುವವಳು, ಮಾತು ಕಡಿಮೆ. ಒಂದು ಮಾತನ್ನು ಮಾತ್ರ ಮಗಳಿಗೆ ದಿನವೂ ಹೇಳುತ್ತಿದ್ದಳು: “ಪಾಸಾದ್ರೆ ಕಾಲೇಜು. ಇಂಗ್ಲಿಷ್ ಹೋಯ್ತೋ, ಸೀನಿವಾಸಪುರದ ಮಂಡೀಲಿ ಮಾವಿನಕಾಯಿ ಆರಿಸೋಕೆ ಕೂತ್ಕೋ.”

ಆ ವರ್ಷ ಹತ್ತನೇ ತರಗತಿಗೆ ಹೊಸದೊಂದು ಪರೀಕ್ಷೆ ಬಂತು. ಇಂಗ್ಲಿಷ್ ಮಾತಾಡುವ ಪರೀಕ್ಷೆ. ಬೇರೆ ತಾಲ್ಲೂಕಿನಿಂದ ಒಬ್ಬ ಮೇಷ್ಟರು ಬಂದು ಕೂರಬೇಕು, ಮಗು ತನಗೆ ಗೊತ್ತಿರುವ ಯಾವುದಾದರೂ ವಿಷಯವನ್ನು ಇಂಗ್ಲಿಷಿನಲ್ಲಿ ಹೇಳಬೇಕು. ಪರೀಕ್ಷಕರು ನಡುವೆ ಮಾತಾಡಬಾರದು, ತಲೆಯಾಡಿಸಬಾರದು, ಮುಖದಲ್ಲಿ ಮೆಚ್ಚುಗೆಯನ್ನಾಗಲಿ ಬೇಸರವನ್ನಾಗಲಿ ತೋರಗೊಡಬಾರದು. ಕೊಠಡಿಯಲ್ಲಿರುವ ಬೇರೆ ಯಾರೂ ಉಸಿರೆತ್ತಬಾರದು. (ಇಂಥದೊಂದು ಸುತ್ತೋಲೆ ಇದೆಯೇ ಎಂದು ಇಲಾಖೆಯ ವೆಬ್‌ಸೈಟಿನಲ್ಲಿ ಹುಡುಕಲು ಹೋಗಬೇಡಿ. ಈ ಕಥೆಗೆಂದು ನಾನೇ ಹೊರಡಿಸಿದ್ದು. ಸಹಿಯೂ ನನ್ನದೇ.)

ಸುತ್ತೋಲೆ ಓದಿದ ದಿನ ಆಶಾರಾಣಿ ಸ್ಟಾಫ್ ರೂಮಿನಲ್ಲಿದ್ದ ದೇವರ ಪಟಕ್ಕೆ ಎರಡು ಸಲ ಕೈ ಮುಗಿದಳು. ಬರೆಯುವ ಪರೀಕ್ಷೆಯಲ್ಲಿ ಧನಶ್ರೀ ದಡ ಸೇರುವುದು ಕಷ್ಟವಿತ್ತು. ಮಾತಿನ ಅಂಕ ಕೈ ಹಿಡಿದರೆ ಪಾಸು. ಕೊನೆಗೂ ಆ ಮಗುವಿನ ಬಾಯಿಗೆ ಒಂದು ಬೆಲೆ ಬಂತು.

೫

ಪರೀಕ್ಷಕರಾಗಿ ಮುಳಬಾಗಿಲಿನಿಂದ ಕೌಸ್ತುಭ್ ಬಂದ. ತೆಳ್ಳಗೆ, ಇಸ್ತ್ರಿ ಕದಡದ ಶರಟು, ಹಣೆಯಲ್ಲಿ ಕಂಡೂ ಕಾಣದ ಅಂಗಾರ.

“ನೋಡ್ತಿರಿ ಸಾರ್,” ಎಂದು ಆಶಾರಾಣಿ ಮೊದಲೇ ಹೇಳಿದಳು. “ಧನಶ್ರೀ ಅಂತ ಒಬ್ಳು ಬರ್ತಾಳೆ. ನಮ್ಮ ಸ್ಕೂಲಲ್ಲಿ ಅವಳಂಗೆ ಮಾತಾಡೋರಿಲ್ಲ.”

“ನೋಡೋಣ ಮೇಡಂ,” ಅಂದ ಕೌಸ್ತುಭ್.

ಮೊದಲು ಬಂದ ಭೀಮರಾಜ್ ‘ಮೈ ಮದರ್’ ಎಂಬ ಪ್ರಬಂಧವನ್ನು ಒಂದೇ ಉಸಿರಿನಲ್ಲಿ ಹೇಳಿದ. ಅವನ ತಾಯಿ ಬೆಳಿಗ್ಗೆ ಬೇಗ ಏಳುತ್ತಿದ್ದಳು, ಗಿಡಕ್ಕೆ ನೀರು ಹಾಕುತ್ತಿದ್ದಳು, ಬಡವರಿಗೆ ಸಹಾಯ ಮಾಡುತ್ತಿದ್ದಳು. ಆಮೇಲೆ ಬಂದ ಎಲ್ಲರ ತಾಯಂದಿರೂ ಅದನ್ನೇ ಮಾಡಿದರು. ರೈಲು ಸ್ಟೇಷನ್ನಿನಲ್ಲಿ ನಿಲ್ಲದೆ ಹೋಗುವ ಹಾಗೆ ಹುಡುಗರು ಬಂದರು, ಹೋದರು. ಕೊನೆಯಲ್ಲಿ ‘ಥ್ಯಾಂಕ್ಯೂ ಸಾರ್’ ಎಂಬ ಸೀಟಿ. ಎಲ್ಲರಿಗೂ ಒಳ್ಳೆಯ ಅಂಕ ಬಿತ್ತು. ಕೌಸ್ತುಭ್ ನ್ಯಾಯವಾಗಿಯೇ ಕೊಟ್ಟ; ತಡವರಿಕೆ ಇಲ್ಲ, ನಿಲುಗಡೆ ಇಲ್ಲ, ಉಚ್ಚಾರ ಪರವಾಗಿಲ್ಲ.

ಧನಶ್ರೀ ಬಂದು ಮೇಜಿನ ಮುಂದೆ ನಿಂತಳು. ಬಾಗಿಲ ಹತ್ತಿರ ಆಶಾರಾಣಿ.

“ಒನ್ ಮ್ಯಾಂಗೋ ಟ್ರೀ ಈಸ್ ದೇರ್ ಇನ್ ಅವರ್ ತೋಪು,” ಅಂದಳು ಧನಶ್ರೀ.

ಅಂದು, ನಿಂತಳು.

ಕೌಸ್ತುಭ್ ಅಲುಗಾಡಲಿಲ್ಲ. ಅವನ ಬಲಗೈ ಮೇಜಿನ ಮೇಲೆ ಮುಷ್ಟಿಯಾಗಿತ್ತು. ಕಿಟಕಿಯಿಂದ ಮಾವಿನ ಹೂವಿನ ವಾಸನೆ ಬಂದು ಕೊಠಡಿಯ ನಡುವೆ ನಿಂತಿತು. ಎಲ್ಲಿಯೋ ಒಂದು ಜೇನು.

ಹುಡುಗಿ ಅವನ ಮುಖ ನೋಡಿದಳು. ಕೇಳಿಸಲಿಲ್ಲವೇನೋ ಎಂದುಕೊಂಡು ಸ್ವಲ್ಪ ಗಟ್ಟಿಯಾಗಿ ಮತ್ತೆ ಅಂದಳು: “ಒನ್ ಮ್ಯಾಂಗೋ ಟ್ರೀ ಈಸ್ ದೇರ್, ಸಾರ್. ಇನ್ ಅವರ್ ತೋಪು.”

ನಿಂತಳು. ಮುಷ್ಟಿ ಬಿಚ್ಚಲಿಲ್ಲ. ಧನಶ್ರೀಯ ಕಣ್ಣು ಆ ಮುಷ್ಟಿಯ ಮೇಲೆ ಕೂತಿತು. ಆಮೇಲೆ ಅವಳು ತಲೆ ತಗ್ಗಿಸಿದವಳು ಎತ್ತಲಿಲ್ಲ. ಸಮಯ ಮುಗಿಯಿತು. ಕೌಸ್ತುಭ್ ಎಲ್ಲರಿಗಿಂತ ಕಡಿಮೆ ಅಂಕ ಬರೆದು, ಪಕ್ಕದ ಅಂಕಣದಲ್ಲಿ ಒಂದು ಮಾತು ಸೇರಿಸಿದ: ಮುಂದುವರಿಸಲು ಅಸಮರ್ಥಳು.

೫, ಸ್ವಲ್ಪ ಹೊತ್ತಿನ ನಂತರ

ನಲ್ಲಿಯ ಹತ್ತಿರ ಧನಶ್ರೀ ಮುಖ ತೊಳೆದದ್ದನ್ನೇ ತೊಳೆಯುತ್ತಿದ್ದಳು.

“ಏನಾಯ್ತೇ ನಿಂಗೆ?” ಆಶಾರಾಣಿಯ ಧ್ವನಿ ತನಗೇ ಕೇಳಿಸದಷ್ಟು ಮೆತ್ತಗಿತ್ತು. “ಕ್ಲಾಸಲ್ಲಿ ಅಷ್ಟು ಚೆನ್ನಾಗಿ ಹೇಳಿದ್ಯಲ್ಲ ಆ ಕಥೆ.”

“ಸಾರು ಹೂಂ ಅನ್ಲಿಲ್ಲ ಮಿಸ್.”

“ಏನು?”

“ಹೂಂ ಅನ್ಲೇ ಇಲ್ಲ. ಎರಡು ಸಲ ನಿಂತು ನೋಡ್ದೆ. ಅವ್ರಿಗೆ ಬೇಡ ಅನ್ಸೈತೆ. ಬೇಡ ಅನ್ನೋರ ಮುಂದೆ ಹೇಳಿದ್ರೆ ಕಥೆ ದಾರಿ ತಪ್ಪೋಗ್ತದೆ ಅಂತ ನಮ್ಮಜ್ಜಿ ಹೇಳವ್ಳೆ. ಆಮೇಲೆ ಅದು ಯಾರಿಗೂ ಸಿಗಲ್ಲ.” ಅವಳು ಲಂಗದ ಅಂಚಿನಲ್ಲಿ ಮುಖ ಒರೆಸಿಕೊಂಡಳು. “ಕೈ ಬೇರೆ ಗುದ್ದೋ ಹಂಗೆ ಇಟ್ಕೊಂಡಿದ್ರು.”

“ಅಯ್ಯೋ ಹುಚ್ಚೀ! ಪರೀಕ್ಷೇಲಿ ಯಾರಾದ್ರೂ ಹೂಂ ಅಂತಾರೇನೆ?”

“ನೀವು ಅಂತೀರಲ್ಲ ಮಿಸ್. ಒಂದೊಂದು ಮಾತಿಗೂ.”

“ನಾನಾ?”

“ಹೂಂ ಮಿಸ್.”

ಆಶಾರಾಣಿ ನಲ್ಲಿ ನಿಲ್ಲಿಸಲು ಹೋದವಳು ಹಾಗೇ ನಿಂತಳು. ಮೂರು ವರ್ಷದ ಶನಿವಾರಗಳೆಲ್ಲ ಅವಳ ಕಿವಿಯೊಳಗೆ ಹಿಂದಕ್ಕೆ ಓಡಿದವು. ಹೌದು. ಹೋಳೂರಿನ ಮನೆಯ ನಡುಮನೆಯಲ್ಲಿ ಅವ್ವನ ತೊಡೆಯ ಮೇಲೆ ಕಲಿತದ್ದು. ಕಥೆ ಕೇಳಿಸಿದರೆ ಸಾಕು, ಅವಳ ಗಂಟಲು ತಾನಾಗಿಯೇ ಹೂಂ ಅನ್ನುತ್ತಿತ್ತು. ಬಿಎಡ್‌ನಲ್ಲಿ ಕಲಿತ ಪಾಠಯೋಜನೆಗಳಲ್ಲಿ ಎಲ್ಲೂ ಇರದ ಈ ಒಂದು ಹೂಂ ಹಿಡಿದುಕೊಂಡೇ ಅವಳು ಇಷ್ಟು ದಿನ ಇಂಗ್ಲಿಷ್ ಕಲಿಸಿದ್ದಳು, ತನಗೇ ತಿಳಿಯದೆ. ಪರೀಕ್ಷೆಯಲ್ಲಿ ಅದು ಇರುವುದಿಲ್ಲ ಎಂದು ಮಗುವಿಗೆ ಹೇಳುವುದೂ ಹಾಗಾಗಿ ಹೊಳೆದಿರಲಿಲ್ಲ.

“ಇನ್ಮೇಲೆ ನಾನು ಇಂಗ್ಲಿಷಲ್ಲಿ ಕಥೆ ಹೇಳಲ್ಲ ಮಿಸ್,” ಅಂದಳು ಧನಶ್ರೀ. “ಮಂಡೀಲಿ ಯಾರೂ ಕೇಳಲ್ಲ. ಕಾಯಿ ಆರಿಸ್ತಾ ಸುಮ್ಕೆ ಇರ್ಬೌದು.”

(ಇಲ್ಲಿ ಶಾಮಲಮ್ಮ ನನ್ನ ಕಥೆಯೊಳಗೆ ನುಗ್ಗಿದಳು. ಕರೆದಿರಲಿಲ್ಲ. ಸೊಂಟದಲ್ಲಿ ಕವಣೆ, ಬಾಯಲ್ಲಿ ಎಲೆಯಡಿಕೆ. ಅವಳಿಗೆ ನಾನು ‘ಅಬ್ಬಯ್ಯ’, ಅಂದರೆ ಹುಡುಗ. “ಏನಪ್ಪ ಅಬ್ಬಯ್ಯಾ, ಎಲ್ಲಾ ನನ್ ತಲೇಗೆ ಕಟ್ತಿದ್ದೀಯ? ಅಜ್ಜಿ ಹಂಗೆ ಹೇಳವ್ಳೆ, ಹಿಂಗೆ ಹೇಳವ್ಳೆ ಅಂತ?” “ನೀವು ಹೇಳಿಲ್ಲವೇ?” ಎಂದೆ. “ಹೇಳಿದ್ದೆ. ಆದ್ರೆ ಅದು ನಿದ್ದೆ ಮಾಡೋ ಮಕ್ಳನ್ನ ಎಬ್ರಿಸೋಕೆ ಹೇಳಿದ್ದು. ಮಧ್ಯದಲ್ಲೇ ನಿದ್ದೆ ಹೋದ್ರೆ ಗಂಟಲು ಹರಕೊಂಡು ಯಾರಿಗೆ ಹೇಳ್ಲಿ? ಈ ಹುಡುಗಿ ಅದನ್ನ ಶಾಸ್ತ್ರ ಅಂತ ತಿಳ್ಕೊಂಬಿಟ್ಟೈತೆ.” ಸ್ವಲ್ಪ ಯೋಚಿಸಿ, ಎಲೆಯಡಿಕೆಯನ್ನು ಇನ್ನೊಂದು ದವಡೆಗೆ ದಾಟಿಸಿ, “ಶಾಸ್ತ್ರನೇ ಇರ್ಬೌದು ಬಿಡು. ನಮ್ಮವ್ವನೂ ಅಂಗೇ ಹೇಳ್ತಿದ್ಳು,” ಎಂದು ಹೊರಟುಹೋದಳು.)

೬

ಅಂಕಗಳನ್ನು ಸಂಜೆಯೊಳಗೆ ಕಂಪ್ಯೂಟರಿಗೆ ಏರಿಸಬೇಕಿತ್ತು. ಏರಿಸಿದ ಮೇಲೆ ದೇವರು ಬಂದರೂ ತಿದ್ದುವಂತಿಲ್ಲ. ಆಶಾರಾಣಿ ಸ್ಟಾಫ್ ರೂಮಿಗೆ ಹೋದಾಗ ಕೌಸ್ತುಭ್ ಮನೆಯಿಂದ ತಂದ ಮೊಸರನ್ನದ ಡಬ್ಬಿ ತೆಗೆಯುತ್ತಿದ್ದ. ಅವಳು ನಿಂತುಕೊಂಡೇ ಎಲ್ಲವನ್ನೂ ಹೇಳಿದಳು.

ಅವನು ಡಬ್ಬಿಯ ಮುಚ್ಚಳವನ್ನು ಮತ್ತೆ ಮುಚ್ಚಿದ.

“ಮೇಡಂ, ನಾನು ಕೇಳ್ತಾ ಇದ್ದೆ,” ಅಂದ. “ಉಳಿದ ಮಕ್ಕಳದ್ದು ಕಿವಿ ಮೇಲೆ ಹೋಯ್ತು. ಈ ಹುಡುಗಿ ಮಾವಿನ ಮರ ಅಂದ ತಕ್ಷಣ ನಿಜವಾಗಿ ಕೇಳೋಕೆ ಕೂತೆ. ಏನಾಯ್ತು ಆ ಮರಕ್ಕೆ ಅಂತ.”

“ಮತ್ತೆ ಆ ಮುಷ್ಟಿ?”

“ಯಾವ ಮುಷ್ಟಿ?” ತನ್ನ ಕೈ ನೋಡಿಕೊಂಡ. ಅವಳ ಮಾತು ಕೇಳುತ್ತ ಕೇಳುತ್ತ ಅದು ಮತ್ತೆ ಮುಚ್ಚಿಕೊಂಡಿತ್ತು. ಬಿಚ್ಚಿದ, ಒಳಗೆ ಪೆನ್ನಿನ ಕ್ಯಾಪು. ಅದನ್ನು ಎಲ್ಲಿಂದಲೋ ಬಿದ್ದದ್ದೆಂಬಂತೆ ನೋಡುತ್ತ ಇದ್ದವನು ನಿಧಾನವಾಗಿ ನಕ್ಕ. “ನಮ್ಮಜ್ಜಿ, ಅಂಬಾಬಾಯಿ ಅಂತ. ಹಬ್ಬದ ದಿನ ವ್ರತದ ಕಥೆ ಓದೋರು. ಶುರು ಮಾಡೋಕೆ ಮುಂಚೆ ಎಲ್ಲರ ಕೈಗೂ ಅಕ್ಷತೆ ಕೊಡೋರು. ಮುಷ್ಟಿ ಮುಚ್ಚಿ ಹಿಡ್ಕೊಂಡು ಕೂರಬೇಕು. ಕಥೆ ಮುಗಿಯೋವರೆಗೆ ಪಿಟಿಕ್ ಅನ್ನೋ ಹಾಗಿಲ್ಲ. ಮಾತಾಡಿದ್ರೆ ಕೇಳಿದ ಪುಣ್ಯ ಹೋಗುತ್ತೆ. ಮುಗಿದ ಮೇಲೆ ಆ ಅಕ್ಷತೆ ದೇವರ ಮೇಲೆ ಹಾಕಬೇಕು. ಅಷ್ಟೊತ್ತಿಗೆ ಅದು ಬೆವತು ಬೆಚ್ಚಗಾಗಿರೋದು.”

ಮುಳಬಾಗಿಲಿಗೂ ಯಲ್ದೂರಿಗೂ ಎಷ್ಟು ದೂರ? ನಡುವೆ ನಾಲ್ಕು ಕೆರೆ, ಒಂದಿಷ್ಟು ಬಂಡೆ. ಒಂದು ಕಡೆಯವರು ಸದ್ದು ಮಾಡಿ ಕಥೆಗೆ ಮರ್ಯಾದೆ ಕೊಟ್ಟರೆ ಇನ್ನೊಂದು ಕಡೆಯವರು ಸದ್ದಡಗಿಸಿ ಕೊಡುತ್ತಾರೆ. ಎರಡು ಮರ್ಯಾದೆಗಳೂ ಒಂದು ಕೊಠಡಿಯಲ್ಲಿ ಎದುರುಬದುರು ನಿಂತು, ಒಂದನ್ನೊಂದು ಗುರುತು ಹಿಡಿಯದೆ ಹೋದವು.

ಆಶಾರಾಣಿಗೆ ಮುಳಬಾಗಿಲಿನ ಆಂಜನೇಯ ನೆನಪಾದ. ಅವನ ಮುಂದೆ ನಿಂತು ಎಷ್ಟೋ ಸಲ ತನ್ನ ಕಥೆ ಹೇಳಿಕೊಂಡಿದ್ದಳು. ಒಮ್ಮೆಯೂ ಹೂಂ ಬಂದಿರಲಿಲ್ಲ. ಬೇಡವೇನೋ ಅವನಿಗೆ ಎಂದು ಎಷ್ಟೋ ಸಲ ಅರ್ಧಕ್ಕೇ ಬಿಟ್ಟು, ತೀರ್ಥ ತೆಗೆದುಕೊಂಡು ಬಸ್ಸು ಹಿಡಿದಿದ್ದಳು. ಅವನೂ ಅಕ್ಷತೆ ಹಿಡಿದು ಕೂತಿದ್ದನೇ?

“ಇನ್ನೊಂದು ಸಲ ಕರೀರಿ ಸಾರ್,” ಅಂದಳು. “ತಾಂತ್ರಿಕ ಕಾರಣ ಇದ್ರೆ ಮರುಪರೀಕ್ಷೆ ಮಾಡ್ಬೋದು ಅಂತ ಸುತ್ತೋಲೇಲಿದೆ.”

“ಕರೆಂಟ್ ಹೋದ್ರೆ, ಮೈಕ್ ಕೆಟ್ರೆ ಅದು ತಾಂತ್ರಿಕ ಕಾರಣ. ಇಲ್ಲೇನು ಕೆಟ್ಟಿತ್ತು?”

“ಕೇಳೋ ಮೆಷಿನ್ನು ಕೆಟ್ಟಿತ್ತು ಸಾರ್.”

ಕೌಸ್ತುಭ್ ಜೋರಾಗಿ ನಕ್ಕ. ನಗು ಇಳಿದ ಮೇಲೆ ಅವನ ಮುಖ ಮೊದಲಿಗಿಂತ ಭಾರವಾಗಿತ್ತು. “ಕರೀತೀನಿ. ಆದ್ರೆ ಹೂಂ ಅನ್ನೋಕಾಗಲ್ಲ ಮೇಡಂ. ಭೀಮರಾಜ್‌ಗೆ ಅನ್ಲಿಲ್ಲ, ಬೇರೆ ಯಾರಿಗೂ ಅನ್ಲಿಲ್ಲ. ಇವಳೊಬ್ಬಳಿಗೆ ಅಂದ್ರೆ ಅವರಿಗೆ ಅನ್ಯಾಯ ಅಲ್ವಾ?”

“ಅವರಿಗೆ ಹೂಂ ಬೇಕಿರ್ಲಿಲ್ಲ ಸಾರ್. ಅವರು ಯಾರಿಗೂ ಹೇಳ್ತಾನೇ ಇರ್ಲಿಲ್ಲ.”

“ಅದು ನಿಮಗೂ ಗೊತ್ತು, ನನಗೂ ಗೊತ್ತು. ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲ.”

(ಇದಕ್ಕೆ ಉತ್ತರ ನನಗೆ ತೋಚಿಲ್ಲ. ನಿಮಗೆ ತೋಚಿದರೆ ಪಕ್ಕದ ಖಾಲಿ ಜಾಗದಲ್ಲಿ ಬರೆದುಕೊಳ್ಳಿ.)

೭. ಕೆಳಗಿನ ಮುಕ್ತಾಯಗಳಲ್ಲಿ ಸರಿಯಾದುದನ್ನು ಆರಿಸಿ

(ಅ) ಮಧ್ಯಾಹ್ನ ಧನಶ್ರೀ ಮತ್ತೆ ಮೇಜಿನ ಮುಂದೆ ನಿಲ್ಲುತ್ತಾಳೆ. “ಒನ್ ಮ್ಯಾಂಗೋ ಟ್ರೀ…” ಎಂದು ನಿಲ್ಲುತ್ತಾಳೆ. ಆಗ ಕಿಟಕಿಗಳ ಹೊರಗಿನಿಂದ ಇಡೀ ಹತ್ತನೇ ತರಗತಿ ಒಂದೇ ಕಂಠದಲ್ಲಿ ‘ಹೂಂ…’ ಎನ್ನುತ್ತದೆ. ಕೊಠಡಿಯೊಳಗೆ ಯಾರೂ ಉಸಿರೆತ್ತಬಾರದೆಂದು ನಿಯಮ; ವರಾಂಡ ಕೊಠಡಿಯಲ್ಲ.

ಇದನ್ನು ಬರೆದಾಗ ನನಗೇ ಮೈ ಜುಮ್ಮೆಂದಿತು. ಮೈ ಜುಮ್ಮೆಂದದ್ದಕ್ಕೇ ಅನುಮಾನ ಬಂತು. ಭೀಮರಾಜ್ ಬಂದು, “ಸಾರ್, ನಾವು ಆಗ ಬಿಸಿಯೂಟದ ತಟ್ಟೆ ತೊಳೀತಿದ್ವಿ. ನಮ್ಗೇನೂ ಗೊತ್ತೇ ಇರ್ಲಿಲ್ಲ,” ಎಂದು ಹೇಳಿಹೋದ. ಇರುವ ಒಬ್ಬ ಸಾಕ್ಷಿಯೂ ಕೈಕೊಟ್ಟ ಮೇಲೆ ಏನು ಮಾಡುವುದು.

(ಆ) ಕೌಸ್ತುಭ್ ಮರುಪರೀಕ್ಷೆಯನ್ನೇ ಮಾಡದೆ, ಕರುಣೆಯಿಂದ ಅಂಕ ತಿದ್ದಿಬಿಡುತ್ತಾನೆ. ಎಲ್ಲರಿಗೂ ಸುಖ.

ಇದಕ್ಕೆ ಕೌಸ್ತುಭ್‌ನೇ ಒಪ್ಪಲಿಲ್ಲ. “ಮೊದಲು ನನ್ನ ವಿಲನ್ ಮಾಡಿದ್ರಿ, ಮುಷ್ಟಿಗಿಷ್ಟಿ ಇಟ್ಟು. ಈಗ ದಾನಶೂರ ಮಾಡ್ತಿದ್ದೀರಿ. ನಾನು ಮೇಷ್ಟ್ರು ಸಾರ್. ಕೇಳದೇ ಇರೋ ಕಥೆಗೆ ಅಂಕ ಹೇಗೆ ಕೊಡಲಿ?”

(ಇ) ಆಶಾರಾಣಿ ಹುಡುಗಿಯನ್ನು ಖಾಲಿ ಕೊಠಡಿಗೆ ಕರೆದುಕೊಂಡು ಹೋಗುತ್ತಾಳೆ. “ನೋಡು ಮಗಳೇ, ಈ ಗೋಡೆಗೆ ಹೇಳು. ಗೋಡೆ ಹೂಂ ಅನ್ನಲ್ಲ. ಅಂದಂಗೆ ತಿಳ್ಕೊಂಡು ಮುಂದಕ್ಕೆ ಹೋಗು.” ಧನಶ್ರೀ ಜಾಣೆ. ಮಧ್ಯಾಹ್ನದೊಳಗೆ ಕಲಿಯುತ್ತಾಳೆ. ಮೇಜಿನ ಮುಂದೆ ಎಲ್ಲೂ ಮಾತು ನಿಲ್ಲಿಸದೆ, ನೋಡದೆ, ಕಾಯದೆ ಹೇಳಿ ಮುಗಿಸುತ್ತಾಳೆ. ‘ಥ್ಯಾಂಕ್ಯೂ ಸಾರ್’ ಎನ್ನುತ್ತಾಳೆ. ಪೂರ್ತಿ ಅಂಕ. ಪಾಸು. ಕಾಲೇಜು. ಆ ಸಂಜೆ ತೋಪಿನಲ್ಲಿ ಶಾಮಲಮ್ಮ ಒಲೆಯ ಮುಂದೆ ಕೂತು ‘ಒಂದೂರು’ ಎಂದು ನಿಲ್ಲುತ್ತಾಳೆ. ಧನಶ್ರೀ ಸುಮ್ಮನೆ ಬೆಂಕಿ ನೋಡುತ್ತಿರುತ್ತಾಳೆ. ಶಾಮಲಮ್ಮ ಕಾಯುತ್ತಾಳೆ. ‘ಹೇಳಜ್ಜಿ, ಕೇಳ್ತಾ ಇದೀನಲ್ಲ,’ ಎನ್ನುತ್ತಾಳೆ ಮೊಮ್ಮಗಳು.

ಈ ಹಾಳೆಯನ್ನೂ ಹರಿಯಲು ಹೋದೆ. ಕೈ ಬರಲಿಲ್ಲ. ಇದನ್ನು ನಾನು ಬರೆದೆನೋ, ಎಲ್ಲಿಯೋ ನಡೆದದ್ದನ್ನು ಕಂಡೆನೋ ತಿಳಿಯದು. ಮಡಿಸಿ ದೇವರ ಮನೆಯ ಗೂಡಿನಲ್ಲಿಟ್ಟೆ. ಅವನೇ ನೋಡಿಕೊಳ್ಳಲಿ.

(ಈ) ಮೇಲಿನ ಯಾವುದೂ ಅಲ್ಲ.

೮

ಹೊತ್ತು ಇಳಿಯುತ್ತಿತ್ತು. ಕಥೆ ಅಲ್ಲೇ ನಿಂತಿತ್ತು. ಕಣ್ಣು ಮುಚ್ಚಿ ತೆರೆದರೆ ನನ್ನ ಮೇಜಿನ ಮುಂದೆ ಧನಶ್ರೀ. ಎರಡು ಜಡೆ, ಮಡಿಸಿ ಕಟ್ಟಿದ ರಿಬ್ಬನ್ನು, ಲಂಗದ ಅಂಚು ಇನ್ನೂ ಒದ್ದೆ.

“ಸಾರ್, ಬರೆಯೋರು ನೀವೇನಾ?”

“ಹೌದಮ್ಮ.”

“ನಮ್ಮಜ್ಜಿದು ಬರ್ದ್ರಿ. ಆ ಸಾರಿನ ಅಜ್ಜಿದೂ ಬರ್ದ್ರಿ. ಮಿಸ್ ಸ್ಟಾಫ್ ರೂಮಲ್ಲಿ ಮಾತಾಡಿದ್ದೆಲ್ಲ ಬರ್ದ್ರಿ. ಆ ಮಾವಿನ ಮರಕ್ಕೆ ಏನಾಯ್ತು ಅಂತ ಒಬ್ರಾದ್ರೂ ಕೇಳಿದ್ರಾ?”

ನಾನು ಬರೆದ ಹಾಳೆಗಳನ್ನು ಹಿಂದಕ್ಕೆ ತಿರುವಿ ನೋಡಿದೆ.

“ಮುಕ್ತಾಯ ನಾಲ್ಕು ಇಟ್ಟಿದ್ದೀರ,” ಅಂದಳು. “ನನ್ನ ಕಥೆ ಮೊದಲ್ನೇ ಸಾಲು ದಾಟಿಲ್ಲ.”

ಹಿಂದಿನಿಂದ ಶಾಮಲಮ್ಮನ ಧ್ವನಿ: “ಅಬ್ಬಯ್ಯಾ, ಬರೀತಾ ಕೂತ್ರೆ ಕೇಳೋದ್ಯಾವಾಗ? ಮಗು ನಿಂತೇ ಐತೆ.”

ಎದ್ದೆ. ನನ್ನ ಕೋಣೆಯ ಬಾಗಿಲು ದಾಟಿದರೆ ಶಾಲೆಯ ವರಾಂಡ. (ಹೇಗೆ ಎಂದು ಕೇಳಬೇಡಿ. ಮಾವು ಹೂ ಬಿಟ್ಟ ಕಾಲದಲ್ಲಿ ಆ ಸೀಮೆಯಲ್ಲಿ ಇಂಥದೆಲ್ಲ ನಡೆಯುತ್ತದೆ.) ಕೊಠಡಿಯಲ್ಲಿ ಕೌಸ್ತುಭ್ ಕೂತಿದ್ದ, ಮುಂದೆ ಅಂಕಗಳ ಹಾಳೆ. ಧನಶ್ರೀಯ ಹೆಸರಿನ ಎದುರು ಹಳೆಯ ಅಂಕಕ್ಕೆ ಗೆರೆ ಎಳೆದಿದ್ದ, ಹೊಸದನ್ನು ಬರೆದಿರಲಿಲ್ಲ. ಬಾಗಿಲ ಹತ್ತಿರ ಆಶಾರಾಣಿ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಳು. ಬಾಯಿ ಬಿಟ್ಟರೆ ತನ್ನ ಗಂಟಲು ತನ್ನ ಮಾತು ಕೇಳುವುದಿಲ್ಲವೆಂದು ಅವಳಿಗೆ ಈಗ ಗೊತ್ತು. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಮರದಲ್ಲಿ ಯಾರೋ ಕೈವಾರದಿಂದ ಕೊರೆದ ಹೆಸರು. ಸುತ್ತೋಲೆ ಹೊರಡಿಸಿದವನು ನಾನೇ ಆದ್ದರಿಂದ ನಿಯಮ ನನಗೂ ಅನ್ವಯಿಸುತ್ತದೆ ಎಂಬುದು ಕೂತ ಮೇಲೆ ನೆನಪಾಯಿತು.

ಧನಶ್ರೀ ನಿಂತಳು. ಕೌಸ್ತುಭ್‌ನ ಕಡೆ ನೋಡಿದಳು. ಮುಷ್ಟಿಯ ಕಡೆ ನೋಡಿದಳು. ಆ ಮುಷ್ಟಿಯೊಳಗೆ ಏನಿದೆ ಎಂದು ಈಗ ಅವಳಿಗೆ ಮಿಸ್ ಹೇಳಿದ್ದಾರೆ.

“ಒನ್ ಮ್ಯಾಂಗೋ ಟ್ರೀ ಈಸ್ ದೇರ್ ಇನ್ ಅವರ್ ತೋಪು.”

ನಿಂತಳು. ಅಭ್ಯಾಸ. ಹೂವಿನ ವಾಸನೆ ಬಂತು. ಮುಷ್ಟಿ ಅಲುಗಲಿಲ್ಲ, ಆದರೆ ಕೌಸ್ತುಭ್‌ನ ಕಣ್ಣು ಹುಡುಗಿಯ ಮುಖವನ್ನು ಬಿಟ್ಟಿರಲಿಲ್ಲ. ಧನಶ್ರೀ ಆ ಮುಚ್ಚಿದ ಬೆರಳುಗಳನ್ನು ಎಷ್ಟೋ ಹೊತ್ತು ನೋಡಿದಳು. ಬೇಡ ಎನ್ನುತ್ತಿದೆಯೋ, ಹಿಡಿದುಕೊಂ‍ಡಿದೆಯೋ.

“ದಟ್ ಟ್ರೀ ಈಸ್ ನಾಟ್ ಗಿವಿಂಗ್ ಫ್ರೂಟ್,” ಅಂದಳು.

ಆಶಾರಾಣಿಯ ಸೆರಗು ಹಲ್ಲಿನಲ್ಲಿ ಬಿಗಿಯಿತು.

“ಎವೆರಿ ಇಯರ್ ಮೈ ತಾತ ಈಸ್ ಬ್ರಿಂಗಿಂಗ್ ಕೊಡ್ಲಿ. ಹಿ ಈಸ್ ಶೌಟಿಂಗ್ ಟು ದ ಟ್ರೀ: ನೋ ಫ್ರೂಟ್? ಐ ವಿಲ್ ಕಟ್ ಯೂ! ಟುಡೇ ಓನ್ಲಿ ಐ ವಿಲ್ ಕಟ್!”

ನಮ್ಮ ಕಡೆ ಇದೊಂದು ಪದ್ಧತಿ. ಫಲ ಬಿಡದ ಮರವನ್ನು ಒಬ್ಬರು ಕೊಡಲಿ ತೋರಿಸಿ ಹೆದರಿಸಬೇಕು. ಇನ್ನೊಬ್ಬರು ಅಡ್ಡ ಬಂದು ಬೇಡಿಕೊಳ್ಳಬೇಕು: ಬೇಡ, ಈ ಒಂದು ವರ್ಷ ಬಿಟ್ಟುಬಿಡಿ, ಮುಂದಿನ ಸಲ ಕಾಯಿ ಬಿಟ್ಟೇ ಬಿಡುತ್ತಾಳೆ, ಅವಳ ಪರವಾಗಿ ನಾನು ಹೇಳುತ್ತೇನೆ ಎಂದು. ಮರ ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ ಎಂಬುದು ನಂಬಿಕೆ. ಹೂಂ ಎನ್ನದ ಕೇಳುಗರಲ್ಲಿ ಮರವೂ ಒಂದು.

“ದೆನ್ ಮೈ ಅಜ್ಜಿ ಈಸ್ ರನ್ನಿಂಗ್,” ಅಂದಳು ಧನಶ್ರೀ. ಅವಳ ಕೈ ಆಡತೊಡಗಿತ್ತು, ಜಡೆಗಳು ಆಡತೊಡಗಿದ್ದವು. “ಶಿ ಈಸ್ ಹೋಲ್ಡಿಂಗ್ ಹಿಸ್ ಹ್ಯಾಂಡ್. ಶಿ ಈಸ್ ಸೇಯಿಂಗ್, ಡೋಂಟ್ ಕಟ್. ದಿಸ್ ಈಸ್ ಮೈ ಡಾಟರ್. ಶಿ ಈಸ್ ನಾಟ್ ಡೆಡ್. ಶಿ ಈಸ್ ಓನ್ಲಿ… ಓನ್ಲಿ…”

ಪದ ಸಿಗಲಿಲ್ಲ. ಅವಳು ನಿಂತಳು. ಈ ಸಲ ಕಾಯುವುದಕ್ಕಲ್ಲ, ಹುಡುಕುವುದಕ್ಕೆ. ಕೊಠಡಿಯಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಮೇಜಿನ ಮೇಲೆ ಮುಚ್ಚಿದ ಬೆರಳು ಸಡಿಲವಾಗುತ್ತಿರುವಂತೆ ನನಗೆ ಕಂಡಿತು; ಪೆನ್ನು ತೆಗೆದುಕೊಳ್ಳುವುದಕ್ಕೋ, ಇನ್ನಾವುದಕ್ಕೋ, ಹಿಂದಿನ ಬೆಂಚಿನಿಂದ ಹೇಳುವುದು ಹೇಗೆ?

ಅವಳಿಗೆ ಬಿದ್ದ ಅಂಕವೆಷ್ಟು ಎಂದು ಕೇಳುತ್ತೀರಿ, ಗೊತ್ತು. ಆ ಮರ ಈ ವರ್ಷ ಹೂ ಬಿಟ್ಟಿತೇ ಎಂದೂ ಕೇಳುತ್ತೀರಿ. ನಾನು ನೋಡಿ ಬಂದು ಬರೆಯಬಹುದಿತ್ತು. ಆದರೆ ಧನಶ್ರೀ ಈಗ ತಲೆಯೆತ್ತಿ, ಕೌಸ್ತುಭ್‌ನನ್ನು ದಾಟಿ, ಆಶಾರಾಣಿಯನ್ನು ದಾಟಿ, ಹಿಂದಿನ ಬೆಂಚಿನ ಕಡೆ ನೋಡುತ್ತಿದ್ದಾಳೆ. ಬರೆಯುತ್ತ ಕೇಳಲು ನನಗೆ ಬರುವುದಿಲ್ಲ. ನಿಯಮ ಮುರಿದದ್ದಕ್ಕೆ ಇಲಾಖೆ ಕ್ರಮ ಕೈಗೊಳ್ಳಲಿ; ಇಲಾಖೆಯೂ ನಾನೇ.

ಪೆನ್ನು ಕೆಳಗಿಟ್ಟೆ.

ಹೂಂ.